ಕಾರಿನ ಆಯುಷ್ಯ ಹೆಚ್ಚಿಸಿದ ಹೊಗೆಯ ಕಾನೂನು

1970ರ ದಶಕದವರೆಗೆ ಅಮೆರಿಕದಲ್ಲಿ ತಯಾರಾದ ಬಹುಪಾಲು ಕಾರುಗಳ ಓಡೋಮೀಟರಿನಲ್ಲಿ, ಅಂದರೆ ಕ್ರಮಿಸಿದ ದೂರದ ಲೆಕ್ಕವಿಡುವ ಉಪಕರಣದಲ್ಲಿ, ಪೂರ್ಣ ಮೈಲಿಗಳಿಗೆ ಐದು ಅಂಕಿಗಳ ಜಾಗವಷ್ಟೇ ಇರುತ್ತಿದ್ದುದರಿಂದ 99,999 ಮೈಲಿ ಮುಗಿದೊಡನೆ ಲೆಕ್ಕ ಮತ್ತೆ ಸೊನ್ನೆಗೆ ಮರಳುತ್ತಿತ್ತು. ಒಂದು ಲಕ್ಷ ಮೈಲಿ, ಎಂದರೆ ಸುಮಾರು 1,60,000 ಕಿಲೋಮೀಟರ್ ಓಡಿದ ಮೇಲೂ ಕಾರು ರಸ್ತೆಯಲ್ಲಿರಬಹುದೆಂಬ ನಿರೀಕ್ಷೆ ತಯಾರಕರಿಗೂ ಹೆಚ್ಚಾಗಿ ಇರಲಿಲ್ಲ. ಇಂದು ಅಷ್ಟು ಓಡಿದ ಕಾರು ಯಾರಿಗೂ ಅಚ್ಚರಿಯ ವಸ್ತುವಲ್ಲ. 2024ರಲ್ಲಿ ಅಮೆರಿಕದ ರಸ್ತೆಗಳಲ್ಲಿದ್ದ ಕಾರುಗಳ ಸರಾಸರಿ ವಯಸ್ಸೇ ಹನ್ನೆರಡು ವರ್ಷ ದಾಟಿತ್ತು. ಕಬ್ಬಿಣ ಗಟ್ಟಿಯಾದುದರಿಂದ ಈ ಬದಲಾವಣೆಯಾಯಿತೆಂಬ ಊಹೆ ಸಹಜವಾದರೂ ಅದು ಪೂರ್ತಿ ಸರಿಯಲ್ಲ. ಉಜ್ಜಿ ಸವೆಯುತ್ತಿದ್ದ ಹಲವು ಭಾಗಗಳು ಎಂಜಿನ್ನಿನಿಂದ ಮಾಯವಾದುದು ಹೆಚ್ಚು ಮುಖ್ಯವಾದ ಕಾರಣ. ಅವನ್ನು ಕಿತ್ತುಹಾಕುವಂತೆ ಮಾಡಿದ್ದು ಬಹುಮಟ್ಟಿಗೆ ಗಾಳಿಯನ್ನು ಶುದ್ಧವಾಗಿಡಲು ಹುಟ್ಟಿದ ಕಾನೂನುಗಳೇ ಹೊರತು ಬಾಳಿಕೆಯ ಚಿಂತೆಯಲ್ಲ.

ಹಳೆಯ ಮೆಕ್ಯಾನಿಕ್‌ಗಳು ‘ಪಾಯಿಂಟ್’ ಎಂದು ಕರೆಯುತ್ತಿದ್ದ ಪುಟ್ಟ ಭಾಗವೊಂದನ್ನು ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನೊಳಗಿನ ಗಾಳಿ ಮತ್ತು ಇಂಧನದ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ಗಿನ ಕಿಡಿ ಬೆಂಕಿ ಹಚ್ಚುತ್ತದೆ. ಆ ಕಿಡಿಗೆ ಬೇಕಾದ ಸಾವಿರಾರು ವೋಲ್ಟ್ ಹುಟ್ಟಬೇಕಾದರೆ ತಂತಿಸುರುಳಿಯೊಂದರಲ್ಲಿ ಹರಿಯುತ್ತಿರುವ ವಿದ್ಯುತ್ತನ್ನು ಥಟ್ಟನೆ ಕಡಿಯಬೇಕು, ಮತ್ತು ಅದನ್ನು ಕಡಿಯುತ್ತಿದ್ದುದು ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿಯೊಳಗೆ ಎದುರುಬದುರಾಗಿ ಕೂತಿದ್ದ ಎರಡು ಲೋಹದ ತುದಿಗಳು. ಅವೇ ಪಾಯಿಂಟುಗಳು. ಪೂರ್ತಿ ತೆರೆದಾಗ ಅವುಗಳ ನಡುವೆ ಇರಬೇಕಾದ ಸಂದು ಸುಮಾರು 0.4 ಮಿಲಿಮೀಟರ್ ಮಾತ್ರ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪಾಯಿಂಟುಗಳು ಸೆಕೆಂಡಿಗೆ ನೂರು ಸಲ ತೆರೆದು ಮುಚ್ಚಬೇಕಿತ್ತು. ಅದೇ ಸುತ್ತಿನಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಿಂದ ಹೋಗುವ ಕಾರು 10,000 ಕಿಲೋಮೀಟರ್ ಮುಗಿಸುವಷ್ಟರಲ್ಲಿ ಈ ಕೆಲಸ ಸುಮಾರು ಆರು ಕೋಟಿ ಸಲ ನಡೆದಿರುತ್ತಿತ್ತು.

ಪ್ರತಿ ಸಲ ತೆರೆದಾಗಲೂ ತುದಿಗಳ ನಡುವೆ ಸಣ್ಣ ಕಿಡಿಯೊಂದು ಹಾರಿ ಲೋಹ ಸ್ವಲ್ಪ ಸುಡುತ್ತಿದ್ದುದರಿಂದ ಕಾಲಕ್ರಮದಲ್ಲಿ ಒಂದು ತುದಿಯಲ್ಲಿ ಗುಳಿ ಬೀಳುತ್ತಿತ್ತು, ಇನ್ನೊಂದರಲ್ಲಿ ಮೊಡವೆಯಂಥ ಗಂಟು ಏಳುತ್ತಿತ್ತು. ತಿರುಗುವ ಉಬ್ಬುಚಕ್ರಕ್ಕೆ ಒರಗಿ ಪಾಯಿಂಟನ್ನು ತೆರೆಯುತ್ತಿದ್ದ ಹಿಮ್ಮಡಿಯಂಥ ತುಣುಕೂ ಉಜ್ಜಿ ಉಜ್ಜಿ ಸವೆದು, ಸಂದು ಕಿರಿದಾಗಿ, ಕಿಡಿ ಹಾರಬೇಕಾದ ಹೊತ್ತಿಗಿಂತ ತುಸು ತಡವಾಗಿ ಹಾರುತ್ತಿತ್ತು. ಎಂಜಿನ್ ಬಡಕಲಾಗುತ್ತಿತ್ತು, ಪೆಟ್ರೋಲ್ ಹೆಚ್ಚು ಕುಡಿಯುತ್ತಿತ್ತು, ಮಳೆಗಾಲದ ಮುಂಜಾನೆ ಸ್ಟಾರ್ಟ್ ಆಗಲು ಮೊಂಡು ಹಿಡಿಯುತ್ತಿತ್ತು. ಆಗ ಮೆಕ್ಯಾನಿಕ್ ಪಾಯಿಂಟನ್ನು ಎಮರಿ ಕಾಗದದಿಂದ ಉಜ್ಜಿ, ಫೀಲರ್ ಗೇಜ್ ಎಂಬ ತೆಳು ತಗಡಿನ ಅಳತೆಪಟ್ಟಿಯನ್ನು ಸಂದಿಗೆ ತೂರಿಸಿ ಮತ್ತೆ ಹೊಂದಿಸಿಕೊಡಬೇಕಿತ್ತು. ಇಲ್ಲಿ ಗಮನಿಸಬೇಕಾದುದೇನೆಂದರೆ, ಇದರಲ್ಲಿ ಯಾರ ಕೆಲಸದ ದೋಷವೂ ಇರಲಿಲ್ಲ. ಅತ್ಯುತ್ತಮವಾಗಿ ತಯಾರಾದ ಪಾಯಿಂಟಿಗೂ, ಆ ರಚನೆಯಲ್ಲಿ, ಸವೆಯುವುದರ ಹೊರತು ಬೇರೆ ಗತಿಯಿರಲಿಲ್ಲ.

ಅಮೆರಿಕ 1970ರಲ್ಲಿ ತನ್ನ ವಾಯುಶುದ್ಧಿ ಕಾಯಿದೆಯನ್ನು ಬಿಗಿಗೊಳಿಸಿದಾಗ ಈ ಸ್ಥಿತಿಯನ್ನು ಸಹಿಸಿಕೊಳ್ಳುವುದು ಅಸಾಧ್ಯವಾಯಿತು. ಕಾರ್ಖಾನೆಯಿಂದ ಹೊರಬಿದ್ದ ದಿನ ಕಾರಿನ ಹೊಗೆ ಶುದ್ಧವಾಗಿದ್ದರೆ ಸಾಲದು, 50,000 ಮೈಲಿ ಓಡುವವರೆಗೂ ಅದು ಮಿತಿಯೊಳಗೇ ಇರಬೇಕೆಂಬುದು ಆ ಕಾನೂನಿನ ಬೇಡಿಕೆ. 1990ರ ತಿದ್ದುಪಡಿ ಈ ಮಿತಿಯನ್ನು ಒಂದು ಲಕ್ಷ ಮೈಲಿಗೆ ಏರಿಸಿತು. ತಿಂಗಳಿಂದ ತಿಂಗಳಿಗೆ ಕಿಡಿಯ ಹೊತ್ತು ಜಾರುವ ಎಂಜಿನ್ ಈ ಮಾತನ್ನು ಉಳಿಸಿಕೊಳ್ಳುವಂತಿರಲಿಲ್ಲ. ಕ್ರೈಸ್ಲರ್ ಕಂಪನಿ ತನ್ನ 1973ರ ಕಾರುಗಳಲ್ಲಿ ಪಾಯಿಂಟನ್ನು ಕೈಬಿಟ್ಟು ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ತಂದಿತು. ಅದರಲ್ಲಿ ಹಲ್ಲುಗಳಿರುವ ಚಕ್ರವೊಂದು ಅಯಸ್ಕಾಂತದ ಪಕ್ಕದಲ್ಲಿ ಸುಳಿಯುವಾಗ ಬಳಿಯ ಸುರುಳಿಯಲ್ಲಿ ಪುಟ್ಟ ವಿದ್ಯುತ್ ಸಂಕೇತ ಹುಟ್ಟುತ್ತದೆ, ಆ ಸಂಕೇತವನ್ನು ಹಿಡಿದು ಟ್ರಾನ್ಸಿಸ್ಟರ್ ವಿದ್ಯುತ್ತನ್ನು ಕಡಿಯುತ್ತದೆ. ಒಂದನ್ನೊಂದು ಮುಟ್ಟುವ ತುದಿಗಳೇ ಇಲ್ಲವಾದುದರಿಂದ ಅಲ್ಲಿ ಸವೆಯಲು ಏನೂ ಉಳಿಯಲಿಲ್ಲ.

1975ರ ಮಾದರಿಗಳೊಂದಿಗೆ ಅಮೆರಿಕದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದ ಕೆಟಲಿಟಿಕ್ ಕನ್ವರ್ಟರ್ ಈ ಒತ್ತಾಯವನ್ನು ಇನ್ನಷ್ಟು ಬಲಪಡಿಸಿತು. ಪ್ಲಾಟಿನಂ ಲೇಪಿತ ಜೇನುಗೂಡಿನಂಥ ಪಿಂಗಾಣಿ ಗಟ್ಟಿಯ ಮೂಲಕ ಹೊಗೆಯನ್ನು ಹಾಯಿಸಿ ಅದರ ವಿಷಾನಿಲಗಳನ್ನು ನಿರುಪದ್ರವಿ ಅನಿಲಗಳಾಗಿ ಮಾರ್ಪಡಿಸುವುದು ಅದರ ಕೆಲಸ. ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದರೂ ಉರಿಯದ ಪೆಟ್ರೋಲ್ ನೇರವಾಗಿ ಅದರೊಳಗೆ ಹೋಗಿ ಹೊತ್ತಿಕೊಂಡು, ಗೂಡು ಕರಗಿಹೋಗುವಷ್ಟು ಶಾಖ ಹುಟ್ಟಬಹುದು. ಜೊತೆಗೆ, ಎಂಜಿನ್ ಬಡಿದುಕೊಳ್ಳದಿರಲೆಂದು ದಶಕಗಳಿಂದ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದ ಸಂಯುಕ್ತ ಪ್ಲಾಟಿನಮ್ಮನ್ನು ಮುಚ್ಚಿ ನಿಷ್ಕ್ರಿಯಗೊಳಿಸುತ್ತಿದ್ದುದರಿಂದ ಸೀಸರಹಿತ ಪೆಟ್ರೋಲ್ ಅನಿವಾರ್ಯವಾಯಿತು. ಮನುಷ್ಯರ, ಅದರಲ್ಲೂ ಮಕ್ಕಳ ಮೆದುಳಿಗೆ ಸೀಸ ಮಾಡುತ್ತಿದ್ದ ಹಾನಿಯನ್ನು ನೆನೆದರೆ ಇದು ಬಹಳ ಮೊದಲೇ ಆಗಬೇಕಿದ್ದ ಕೆಲಸ. ಎಂಜಿನ್ನಿಗೆ ಇದರಿಂದಾದ ಲಾಭವೂ ಸಣ್ಣದಲ್ಲ: ಸೀಸ ಎಂಜಿನ್ನಿನೊಳಗೆ ಕಟ್ಟಿಕೊಳ್ಳದಂತೆ ಅದರೊಡನೆ ಬೆರೆಸುತ್ತಿದ್ದ ಕ್ಲೋರಿನ್ ಮತ್ತು ಬ್ರೋಮಿನ್ ಸಂಯುಕ್ತಗಳು ಉರಿದು ಆಮ್ಲವಾಗಿ ಸೈಲೆನ್ಸರನ್ನು ಒಳಗಿನಿಂದಲೇ ತಿನ್ನುತ್ತಿದ್ದವು, ಪ್ಲಗ್ಗುಗಳ ಮೇಲೆ ಬೂದಿಯ ಪದರ ಕೂರುತ್ತಿತ್ತು, ಎಂಜಿನ್ ಆಯಿಲ್ ಬೇಗ ಕೆಡುತ್ತಿತ್ತು. ಸೀಸ ಹೋದ ಮೇಲೆ ಇವೆಲ್ಲದರ ಬಾಳಿಕೆ ತಾನಾಗಿ ಹೆಚ್ಚಿತು. ಕವಾಟಗಳು ಕೂರುವ ಅಂಚಿಗೆ ಮೆತ್ತೆಯಂತಿದ್ದ ಸೀಸದ ಪದರವೂ ಹೋದುದರಿಂದ ಅಲ್ಲಿ ಹೆಚ್ಚು ಗಡಸು ಲೋಹವನ್ನು ಹಾಕಬೇಕಾಯಿತೆಂಬುದು ನಿಜ; ಇಲ್ಲಿ ಮಾತ್ರ ಲೋಹ ಗಟ್ಟಿಯಾದ ಕಥೆ ಅಕ್ಷರಶಃ ಸರಿ.

ಭಾರತದಲ್ಲಿ ಇದೇ ಸರಣಿ ಕಾಲು ಶತಮಾನ ತಡವಾಗಿ ನಡೆಯಿತು. 1950ರ ದಶಕದಿಂದ ಬೆಂಗಳೂರಿನ ಆಡುಗೋಡಿಯಲ್ಲಿ ಕೆಲಸ ನಡೆಸಿದ ಮೈಕೊ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗುಗಳು ದೇಶದ ಗ್ಯಾರೇಜುಗಳಲ್ಲೆಲ್ಲ ಪರಿಚಿತವಾಗಿದ್ದ ಕಾಲದಲ್ಲಿ, ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳ ಮಾಲೀಕರಿಗೆ ಪ್ಲಗ್ ಬಿಚ್ಚಿ ಮಸಿ ಒರೆಸುವುದು ದಿನಬಳಕೆಯ ವಿದ್ಯೆಯಾಗಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಹೊಸ ಮಟ್ಟವನ್ನು ತೋರಿಸಿದರೂ ಅದಕ್ಕೂ ಕಾರ್ಬುರೇಟರ್ ಇತ್ತು, ಅಂದರೆ ಗಾಳಿಯ ಸೆಳೆತದಿಂದ ಸಣ್ಣ ರಂಧ್ರಗಳ ಮೂಲಕ ಪೆಟ್ರೋಲನ್ನು ಎಳೆದುಕೊಳ್ಳುವ, ಕಸ ಕೂತರೆ ಕಟ್ಟಿಕೊಳ್ಳುವ ಹಳೆಯ ಉಪಕರಣವೇ. 2000ನೇ ಇಸವಿಯ ಫೆಬ್ರವರಿಯಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದು, ಹೊಗೆಯ ನಿಯಮಗಳು ಬಿಗಿಯಾದಂತೆ, ಅಳತೆಮಾಡಿ ಇಂಧನವನ್ನು ಸಿಂಪಡಿಸುವ ಇಂಜೆಕ್ಷನ್ ವ್ಯವಸ್ಥೆ ಕಾರ್ಬುರೇಟರಿನ ಜಾಗವನ್ನು ಹಿಡಿಯಿತು.

ಎಂಜಿನ್ನಿನಾಚೆ, ಕಾರಿನ ಒಡಲನ್ನು ತಿನ್ನುತ್ತಿದ್ದ ತುಕ್ಕಿನ ಕಥೆ ಬೇರೆ. 1970ರ ದಶಕದ ಕೊನೆಯಿಂದ ಕಾರಿನ ಇಡೀ ಒಡಲನ್ನು ಬಣ್ಣದ ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿ, ಒಡಲಿಗೆ ಋಣ ವಿದ್ಯುದಂಶ ಕೊಟ್ಟು, ಬ್ರಷ್ ತಲುಪದ ಮೂಲೆಗಳಿಗೂ ಬಣ್ಣ ತಾನಾಗಿ ಅಂಟುವಂತೆ ಮಾಡುವ ವಿಧಾನ ಹಬ್ಬಿತು, ಮುಂದೆ ಉಕ್ಕಿನ ಮೇಲೆ ಸತುವಿನ ಲೇಪವೂ ಸಾಮಾನ್ಯವಾಯಿತು.

ಭಾಗಗಳು ಒಂದರಂತೆ ಇನ್ನೊಂದು ಇರುವಂತೆ ಮಾಡಿದ್ದು ಮಾತ್ರ ಕಾನೂನಲ್ಲ, ಸಂಖ್ಯಾಶಾಸ್ತ್ರ. ಅಮೆರಿಕದ ಎಂಜಿನಿಯರ್ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ ನಿಯಂತ್ರಣ ನಕ್ಷೆಯು ತಯಾರಿಕೆಯಲ್ಲಿನ ಸಹಜ ಏರಿಳಿತವನ್ನೂ ನಿಜವಾದ ದೋಷವನ್ನೂ ಬೇರ್ಪಡಿಸಿ ತೋರಿಸುತ್ತಿತ್ತು, ಮತ್ತು ಅಮೆರಿಕದವರೇ ಆದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ 1950ರಿಂದ ಆ ವಿಧಾನವನ್ನು ಜಪಾನಿನ ಎಂಜಿನಿಯರುಗಳಿಗೆ ಕಲಿಸಿದರು. ಅಳತೆ ಮಿತಿಯೊಳಗಿದ್ದರೆ ಸಾಕೆಂಬ ಹಳೆಯ ನಂಬಿಕೆಯ ಬದಲು, ಪ್ರತಿಯೊಂದು ಭಾಗವೂ ಗುರಿಯ ಅಳತೆಗೇ ಹತ್ತಿರವಿರಬೇಕೆಂಬ ಹಟ ಅಲ್ಲಿ ಬೆಳೆಯಿತು. ಮಿತಿಯ ಒಂದು ಅಂಚಿನಲ್ಲಿರುವ ಅಚ್ಚು ಇನ್ನೊಂದು ಅಂಚಿನಲ್ಲಿರುವ ರಂಧ್ರಕ್ಕೆ ಜೊತೆಯಾದಾಗ, ಎರಡೂ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರೂ, ಆ ಜೋಡಿ ಸಡಿಲವಾಗಿಯೋ ಬಿಗಿಯಾಗಿಯೋ ಬೇಗನೆ ಸವೆಯುತ್ತದೆ ಎಂಬುದು ಈ ಹಟದ ಹಿಂದಿನ ತರ್ಕ.

ಅಮೆರಿಕದ ಹೊಗೆಯ ನಿಯಮ 1996ರಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಾರು ತನ್ನ ದೋಷವನ್ನು ತಾನೇ ಪತ್ತೆಹಚ್ಚಿ ದಾಖಲಿಸಬೇಕೆಂದು ವಿಧಿಸಿತು. ಪ್ರತಿ ಸಿಲಿಂಡರ್ ಉರಿದಾಗಲೂ ಎಂಜಿನ್ನಿನ ಶಕ್ತಿಯಿಂದ ತಿರುಗುವ ಕ್ರ್ಯಾಂಕ್ ದಂಡಕ್ಕೆ ಒಂದು ತಳ್ಳು ಸಿಗುತ್ತದೆ. ಯಾವುದಾದರೂ ಸಿಲಿಂಡರಿನಲ್ಲಿ ಕಿಡಿ ತಪ್ಪಿದರೆ ಆ ಕ್ಷಣದಲ್ಲಿ ದಂಡದ ವೇಗ ಅತ್ಯಲ್ಪವಾಗಿ ಕುಗ್ಗುತ್ತದೆ, ಮತ್ತು ದಂಡದ ಹಲ್ಲುಗಳನ್ನು ಎಣಿಸುತ್ತಿರುವ ಸಂವೇದಕ ಆ ಕುಗ್ಗುವಿಕೆಯನ್ನು ಹಿಡಿಯುತ್ತದೆ. ಕಿಡಿ ತಪ್ಪಿದ್ದು ಮೊದಲನೆಯ ಸಿಲಿಂಡರಿನಲ್ಲಾದರೆ ಕಂಪ್ಯೂಟರ್ ಪಿ0301 ಎಂಬ ಸಂಕೇತವನ್ನು ಬರೆದಿಟ್ಟು ಚಾಲಕನ ಮುಂದಿನ ಎಂಜಿನ್ ದೀಪವನ್ನು ಬೆಳಗಿಸುತ್ತದೆ, ಚಾಲಕನಿಗೆ ಎಂಜಿನ್ನಿನ ಸದ್ದಿನಲ್ಲಿ ಯಾವ ವ್ಯತ್ಯಾಸವೂ ಇನ್ನೂ ಕೇಳಿಸಿಲ್ಲದಿದ್ದರೂ.