ವರಲಕ್ಷ್ಮಿಯಿಂದ ಜಯಲಕ್ಷ್ಮಿಯವರೆಗೆ: ಡಾ. ಕಾತರಕಿಯವರ ಹತ್ತಿ ಸಂಶೋಧನೆ ಹೇಳುವ ಬೀಜದ ಪಾಠ

ಸಂಕರಣ ಹತ್ತಿಯ ಬೀಜಕ್ಕೆ ಪ್ರತಿ ವರ್ಷ ಹಣ ತೆರುವಾಗ, ಹಿಂದಿನ ಬೆಳೆಯಿಂದಲೇ ಬೀಜ ಉಳಿಸಿಕೊಂಡರೆ ಆಗದೇ ಎಂಬ ಪ್ರಶ್ನೆ ನಿಮ್ಮಲ್ಲಿ ಮೂಡುವುದು ಸಹಜ. ಇದಕ್ಕೆ ಉತ್ತರವು ಧಾರವಾಡದ ಹತ್ತಿ ತಳಿ ವಿಜ್ಞಾನಿ ಡಾ. ಬಿ.ಎಚ್. ಕಾತರಕಿಯವರ ಸಂಶೋಧನೆಯಲ್ಲಿದೆ.

1970ರಲ್ಲಿ ಸೂರತ್‌ನ ಡಾ. ಸಿ.ಟಿ. ಪಟೇಲರು ಅಮೆರಿಕನ್ ಹತ್ತಿಯ ಎರಡು ತಳಿಗಳನ್ನು ಕೂಡಿಸಿ ಎಚ್-4 ಎಂಬ ಸಂಕರಣ ತಳಿಯನ್ನು ನೀಡಿದರು. ಕಾತರಕಿಯವರು ಎರಡು ಬೇರೆ ಪ್ರಭೇದಗಳನ್ನೇ ಕೂಡಿಸಿದರು. ಅಮೆರಿಕನ್ ಹತ್ತಿಯಾದ 'ಲಕ್ಷ್ಮಿ' ತಾಯಿ. ನಯವಾದ ಉದ್ದ ಎಳೆಯ ಬಾರ್ಬಡೆನ್ಸ್ ಪ್ರಭೇದದ ಎಸ್.ಬಿ. 289ಇ ತಂದೆ. ಜಯಧರದಂತಹ ದೇಶಿ ಹತ್ತಿಯಲ್ಲಿ 26 ವರ್ಣತಂತುಗಳಿದ್ದರೆ, ಈ ಎರಡೂ ಪ್ರಭೇದಗಳಲ್ಲಿ 52 ಇರುವುದರಿಂದ ಅವುಗಳ ಸಂಕರ ಗಿಡವು ಬಂಜೆಯಾಗದೆ ಕಾಯಿ ಕಟ್ಟುತ್ತದೆ. ಹೀಗೆ 1972ರಲ್ಲಿ 'ವರಲಕ್ಷ್ಮಿ' ಬಿಡುಗಡೆಯಾಯಿತು. ಇಳುವರಿ ಮತ್ತು ಎಳೆಯ ಗುಣಮಟ್ಟ ಒಂದೇ ಗಿಡದಲ್ಲಿ ದೊರೆತವು.

ಈ ಬೀಜವು ಕೈಕೆಲಸದ ಫಲ. ಮರುದಿನ ಅರಳಲಿರುವ ತಾಯಿ ಗಿಡದ ಮೊಗ್ಗಿನಿಂದ ದಳ ಹಾಗೂ ಗಂಡು ಕೇಸರಗಳನ್ನು ಸಂಜೆ ಉಗುರಿನಿಂದ ಬಿಡಿಸಿ, ಬೆಳಿಗ್ಗೆ ತಂದೆ ಗಿಡದ ಪರಾಗವನ್ನು ಶಲಾಕಾಗ್ರಕ್ಕೆ ಸವರಬೇಕು. ಒಂದೊಂದು ಹೂವಿಗೂ ಇದೇ ಶ್ರಮ. ಬೀಜದ ಬೆಲೆ ಹೆಚ್ಚಾಗಲು ಇದು ಮುಖ್ಯ ಕಾರಣ.

ಸಂಕರಣದ ಮೊದಲ ಪೀಳಿಗೆಯ ಗಿಡಗಳು ಒಂದೇ ಸಮನಾಗಿರುತ್ತವೆ. ಅವುಗಳ ಬೀಜವನ್ನು ಮತ್ತೆ ಬಿತ್ತಿದರೆ ತಂದೆ-ತಾಯಿಯರ ಗುಣಗಳು ಚದುರಿ, ಕೆಲವು ಗಿಡಗಳು ಎತ್ತರ, ಕೆಲವು ಗಿಡ್ಡ, ಕೆಲವು ತಡವಾಗಿ ಮಾಗುವಂಥವು ಆಗುತ್ತವೆ. ಸಂಕರಣ ಶಕ್ತಿ ಕುಗ್ಗಿ ಇಳುವರಿ ತಗ್ಗುತ್ತದೆ. ಉದ್ದ ಮತ್ತು ಗಿಡ್ಡ ಎಳೆ ಬೆರೆತ ಅರಳೆಗೆ ಮಾರುಕಟ್ಟೆಯಲ್ಲಿ ಒಳ್ಳೆಯ ಧಾರಣೆ ಸಿಗದು. ಬೀಜದಲ್ಲಿ ಉಳಿಸಿದ ಹಣಕ್ಕಿಂತ ಹೆಚ್ಚು ನಷ್ಟ ಬೆಳೆಯಲ್ಲಿ ಆಗುತ್ತದೆ.

ಕಾತರಕಿಯವರು ವರಲಕ್ಷ್ಮಿಗೇ ನಿಲ್ಲಲಿಲ್ಲ. ಡಿ.ಎಸ್. 28 ಮತ್ತು ಎಸ್.ಬಿ. 425 ವೈ.ಎಫ್. ತಳಿಗಳ ಸಂಕರಣದಿಂದ ಬಂದ 'ಜಯಲಕ್ಷ್ಮಿ' ಅಥವಾ ಡಿ.ಸಿ.ಎಚ್. 32 ತಳಿಯು 1981ರಲ್ಲಿ ಹೊರಬಂದು, ಅತಿ ಉದ್ದ ಎಳೆಯ ಹತ್ತಿಗೆ ಹೆಸರಾಯಿತು. ಆದರೆ ಇದು ದೀರ್ಘಾವಧಿ ತಳಿ. ಹಸಿರು ಜಿಗಿಹುಳುವಿನಂತಹ ರಸ ಹೀರುವ ಕೀಟಗಳಿಗೆ ಬೇಗ ತುತ್ತಾಗುತ್ತದೆ. ಆದ್ದರಿಂದ ನೀರಾವರಿ ಸೌಲಭ್ಯ ಹಾಗೂ ಕೀಟ ನಿರ್ವಹಣೆಯ ಸಿದ್ಧತೆ ಇದ್ದಲ್ಲಿ ಮಾತ್ರ ಇದನ್ನು ಆರಿಸಿಕೊಳ್ಳಿ.

ಬಿ.ಟಿ. ಸಂಕರಣ ಹತ್ತಿಗೂ ಇದೇ ನಿಯಮ ಅನ್ವಯಿಸುತ್ತದೆ. ಪ್ರತಿ ಹಂಗಾಮಿಗೆ ಹೊಸ ಬೀಜವನ್ನು ಅಧಿಕೃತ ಮಾರಾಟಗಾರರಿಂದ ಕೊಂಡು, ರಸೀದಿ ಮತ್ತು ಪೊಟ್ಟಣದ ಚೀಟಿಯನ್ನು ಬೆಳೆ ಮುಗಿಯುವವರೆಗೆ ಜೋಪಾನವಾಗಿಡಿ. ಬೀಜ ಉಳಿಸಿಕೊಳ್ಳುವ ಇಚ್ಛೆಯಿದ್ದರೆ ಸಂಕರಣವಲ್ಲದ ಶುದ್ಧ ತಳಿಯನ್ನೇ ಬೆಳೆಯಿರಿ.