ನೇತ್ರಾಣಿಯ ನೀರಿನೊಳಗೆ

ಗಿಲ್ಲೆಸುಗೂರಿನ ಸೀಮೆಯವರಾದ ನಮಗೆ ನೀರೆಂದರೆ ಹೊಳೆಯ ನೀರು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಣ ನೆಲವನ್ನು ಹಿಂದಿನವರು ಎಡೆದೊರೆ ನಾಡೆಂದು ಕರೆದರು. ಈ ಎರಡು ನದಿಗಳೂ ಸಹ್ಯಾದ್ರಿಯಲ್ಲಿ, ಅರಬ್ಬೀ ಸಮುದ್ರಕ್ಕೆ ಅನತಿದೂರದಲ್ಲಿ ಹುಟ್ಟಿದರೂ ಅದಕ್ಕೆ ಬೆನ್ನುಮಾಡಿ ಮೂಡಣಕ್ಕೆ ಹರಿದು, ಒಂದಾಗಿ ಬಂಗಾಳ ಕೊಲ್ಲಿಯನ್ನು ಸೇರುತ್ತವೆ. ಆದುದರಿಂದ ನಮ್ಮ ವಿದ್ಯಾರ್ಥಿಗಳು ಪಡುಗಡಲನ್ನು ಕಾಣಬೇಕಾದರೆ ನದಿಯ ಹರಿವಿಗೆ ಎದುರಾಗಿ ನಡೆದು ಘಟ್ಟವನ್ನು ಇಳಿಯಬೇಕಾಗುತ್ತದೆ.

ಹಾಗೆ ಇಳಿದವರಿಗೆ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನಲ್ಲಿ ಮುರುಡೇಶ್ವರವು ದೊರೆಯುತ್ತದೆ. ಅಲ್ಲಿಂದ ಕಡಲಿನಲ್ಲಿ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ಎಂಬ ಸಣ್ಣ ದ್ವೀಪವಿದೆ. ಪಾರಿವಾಳ ದ್ವೀಪವೆಂಬ ಹೆಸರೂ ಅದಕ್ಕುಂಟು. ಅಂಗಡಿಯ ಗದ್ದಲವಾಗಲಿ ಜನಸಂದಣಿಯಾಗಲಿ ಅಲ್ಲಿಲ್ಲ; ಕಡಿದಾದ ಬಂಡೆ, ಮೇಲೆ ಹಸುರು, ಆಗಾಗ ಸುಳಿಯುವ ಬಿಳಿಹೊಟ್ಟೆಯ ಕಡಲಹದ್ದು. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಬಂಡೆಗಳ ಬುಡದಲ್ಲಿ ಹವಳಗಳೂ ಬಣ್ಣಬಣ್ಣದ ಮೀನುಗಳೂ ಕಾಣಸಿಗುತ್ತವೆ. ಇವನ್ನು ನೋಡಲು ಬೇಕಾದ ಸಲಕರಣೆ ಅತ್ಯಲ್ಪ: ಗಾಜಿನ ಮುಖಕವಚ ಒಂದು, ಬಾಯಲ್ಲಿ ಕಚ್ಚಿಕೊಳ್ಳುವ ಬಾಗಿದ ಕೊಳವೆ ಒಂದು. ಈ ಕೊಳವೆಗೆ ಸ್ನಾರ್ಕೆಲ್ ಎಂದು ಹೆಸರು. ಮುಖವನ್ನು ನೀರಿನಲ್ಲಿಟ್ಟು, ಕೊಳವೆಯ ತುದಿಯನ್ನು ಗಾಳಿಯಲ್ಲಿಟ್ಟು, ಗಂಟೆಗಟ್ಟಲೆ ತೇಲಬಹುದು.

ಇಷ್ಟು ಸರಳವಾದ ಸಲಕರಣೆಯಲ್ಲಿ ವಿವೇಚಿಸತಕ್ಕದ್ದೇನಿದೆ ಎಂದು ಕೆಲವರು ಕೇಳಬಹುದು. ಪಠ್ಯಪುಸ್ತಕದ ಅನೇಕ ನಿಯಮಗಳು ಇಲ್ಲಿ ನಮ್ಮ ಕಣ್ಣು, ಕಿವಿ, ಎದೆಗಳ ಮೇಲೆಯೇ ಪ್ರಯೋಗವಾಗುತ್ತವೆ. ಅವನ್ನು ಅರಿತವನಿಗೆ ಆನಂದ; ಅರಿಯದವನಿಗೆ ಒಮ್ಮೊಮ್ಮೆ ಪ್ರಾಣಾಪಾಯ.

ಗಾಜಿನ ಹಿಂದಿನ ಗಾಳಿ

ಕೃಷ್ಣೆಯಲ್ಲಿ ಮುಳುಗಿ ಕಣ್ಣು ತೆರೆದವರೆಲ್ಲರೂ ಬಲ್ಲ ಸಂಗತಿಯೊಂದಿದೆ: ನೀರು ಎಷ್ಟೇ ತಿಳಿಯಾಗಿದ್ದರೂ ಎಲ್ಲವೂ ಮಬ್ಬು ಮಬ್ಬು. ಇದಕ್ಕೆ ಕಾರಣ ನೀರಲ್ಲ, ನಮ್ಮ ಕಣ್ಣಿನ ರಚನೆ. ಬೆಳಕನ್ನು ಬಾಗಿಸಿ ಅಕ್ಷಿಪಟದ ಮೇಲೆ ಬಿಂಬವನ್ನು ಮೂಡಿಸುವ ಕೆಲಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ನಡೆಸುವುದು ಕಣ್ಣಿನೊಳಗಣ ಮಸೂರವಲ್ಲ. ಮುಂಭಾಗದ ಪಾರದರ್ಶಕ ಪಟಲ. ಗಾಳಿಯ ವಕ್ರೀಭವನಾಂಕ 1. ಪಟಲದ್ದು ಸುಮಾರು 1.38. ಈ ಅಂತರದಿಂದಲೇ ಬೆಳಕು ಬಾಗುತ್ತದೆ. ನೀರಿನ ವಕ್ರೀಭವನಾಂಕವಾದರೋ 1.33. ನೀರು ಪಟಲವನ್ನು ಮುಟ್ಟಿದೊಡನೆ ಅಂತರವು ಬಹುಮಟ್ಟಿಗೆ ಅಳಿದುಹೋಗಿ, ಕಿರಣಗಳು ಬಾಗದೆಯೇ ಒಳನುಗ್ಗುತ್ತವೆ. ಮುಖಕವಚವು ಮಾಡುವುದಿಷ್ಟೇ: ಕಣ್ಣಿನ ಮುಂದೆ ಒಂದು ಹಿಡಿ ಗಾಳಿಯನ್ನು ಕಾದಿಡುತ್ತದೆ.

ಆದರೆ ನೀರಿನಿಂದ ಕವಚದೊಳಗಣ ಗಾಳಿಗೆ ಬರುವಾಗ ಬೆಳಕು ಬಾಗದೆ ಬಿಡದು. ಅದರಿಂದಾಗಿ ನಾಲ್ಕು ಮೀಟರ್ ದೂರದ ಮೀನು ಮೂರು ಮೀಟರಿನಲ್ಲಿರುವಂತೆ ತೋರುತ್ತದೆ. ಗಾತ್ರದಲ್ಲಿ ಮೂರನೆಯ ಒಂದು ಪಾಲು ಹೆಚ್ಚಿದಂತೆಯೂ ಕಾಣುತ್ತದೆ. ಮುಳುಗಿ ಬಂದವರು ಹೇಳುವ ಮೀನಿನ ಅಳತೆಯನ್ನು ಕೇಳುವಾಗ ಈ ಲೆಕ್ಕವನ್ನು ನೆನಪಿಡುವುದು ಒಳ್ಳೆಯದು!

ಕವಚವಿಲ್ಲದೆಯೇ ಚೆನ್ನಾಗಿ ಕಾಣಬಲ್ಲವರೂ ಇದ್ದಾರೆ. ಅಂಡಮಾನ್ ಕಡಲಿನ ಪೂರ್ವದಂಚಿನಲ್ಲಿ ವಾಸಿಸುವ ಮೋಕೆನ್ ಜನಾಂಗದ ಮಕ್ಕಳನ್ನು ಪರೀಕ್ಷಿಸಿದ ಸ್ವೀಡನ್ನಿನ ಅನ್ನಾ ಗಿಸ್ಲೆನ್ ಎಂಬ ವಿಜ್ಞಾನಿಯು, ಆ ಮಕ್ಕಳು ಯೂರೋಪಿನ ಮಕ್ಕಳಿಗಿಂತ ಎರಡರಷ್ಟು ಸೂಕ್ಷ್ಮವಾಗಿ ನೀರಿನೊಳಗೆ ಕಾಣಬಲ್ಲರೆಂದು 2003ರಲ್ಲಿ ಪ್ರಕಟಿಸಿದರು. ಮುಳುಗಿದಾಗ ಆ ಮಕ್ಕಳು ಪಾಪೆಯನ್ನು ಬಹಳ ಕಿರಿದು ಮಾಡುತ್ತಾರೆ. ಸೂಜಿರಂಧ್ರ ಕ್ಯಾಮೆರಾದಲ್ಲಿ ಬಿಂಬವು ಸ್ಫುಟವಾಗುವಂತೆ ಅವರ ಕಣ್ಣಿನಲ್ಲಿಯೂ ಆಗುತ್ತದೆ.

ಕೊಳವೆ ಏಕೆ ಗಿಡ್ಡ?

ವೈಶಂಪಾಯನ ಸರೋವರದಲ್ಲಿ ಮಂತ್ರಬಲದಿಂದ ಅಡಗಿದ್ದ ದುರ್ಯೋಧನನ ಕಥೆಯನ್ನು ರನ್ನನ ‘ಗದಾಯುದ್ಧ’ದಿಂದ ನಾವೆಲ್ಲರೂ ಬಲ್ಲೆವು. ಮಂತ್ರವರಿಯದ ನಮ್ಮ ಹಳ್ಳಿಯ ಹುಡುಗರು ಪಪ್ಪಾಯಿ ಎಲೆಯ ಟೊಳ್ಳು ದಂಟನ್ನು ಬಾಯಲ್ಲಿಟ್ಟು ಬಾವಿಯಲ್ಲಿ ಅಡಗಲು ಹವಣಿಸುವುದುಂಟು. ಹಾಗಾದರೆ ಎರಡು ಮೀಟರ್ ಉದ್ದದ ಕೊಳವೆಯನ್ನು ಕಟ್ಟಿಕೊಂಡು ಎರಡು ಮೀಟರ್ ಆಳದಲ್ಲಿ ಹಾಯಾಗಿ ಕುಳಿತಿರಬಹುದಲ್ಲವೆ? ಆಗದು. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಒತ್ತಡ. ಒಂದು ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆಯೂ 100 ಗ್ರಾಂ ತೂಕದ ನೀರು ಕುಳಿತಿರುತ್ತದೆ. ಎದೆಯ ಮುಂಭಾಗವನ್ನು 1,000 ಚದರ ಸೆಂಟಿಮೀಟರ್ ಎಂದು ಹಿಡಿದರೆ ಒಟ್ಟು 100 ಕಿಲೋಗ್ರಾಂ, ಎಂದರೆ ಒಂದು ದೊಡ್ಡ ಜೋಳದ ಚೀಲದ ಭಾರ! ಉಸಿರು ಕಟ್ಟಿ ಮುಳುಗಿದವನಿಗೆ ಇದರ ಅರಿವಾಗುವುದಿಲ್ಲ. ಅವನ ಶ್ವಾಸಕೋಶದಲ್ಲಿ ಸೆರೆಯಾದ ಗಾಳಿಯೂ ಕುಗ್ಗಿ, ಅಷ್ಟೇ ಒತ್ತಡದಿಂದ ಎದುರು ನಿಲ್ಲುತ್ತದೆ. ಕೊಳವೆಯುಳ್ಳವನ ಶ್ವಾಸಕೋಶವಾದರೋ ಮೇಲಿನ ವಾಯುಮಂಡಲದೊಡನೆ ನೇರವಾಗಿ ಕೂಡಿಕೊಂಡಿದೆ. ಒಳಗೆ ವಾಯುಮಂಡಲದ ಒತ್ತಡ, ಹೊರಗೆ ಅದರ ಜೊತೆಗೆ ನೀರಿನ ಒತ್ತಡ. ಆ ಚೀಲವನ್ನು ಪ್ರತಿ ಉಸಿರಿಗೂ ಎದೆಯ ಸ್ನಾಯುಗಳೇ ಎತ್ತಬೇಕು. ಕೆಲವೇ ಉಸಿರುಗಳಲ್ಲಿ ಅವು ಸೋಲುತ್ತವೆ.

ಎರಡನೆಯ ಕಾರಣ ಇನ್ನೂ ಕಪಟವಾದುದು. ವಿಶ್ರಾಂತಿಯಲ್ಲಿರುವಾಗ ಒಂದು ಉಸಿರಿಗೆ ನಾವು ಸುಮಾರು 500 ಘನ ಸೆಂಟಿಮೀಟರ್ ಗಾಳಿಯನ್ನು ಎಳೆದುಕೊಳ್ಳುತ್ತೇವೆ. ಅದರಲ್ಲಿ 150ರಷ್ಟು ಮೂಗು, ಗಂಟಲು, ಶ್ವಾಸನಾಳಗಳಲ್ಲಿಯೇ ಉಳಿದು ಉಪಯೋಗಕ್ಕೆ ಬಾರದು. ಎರಡು ಸೆಂಟಿಮೀಟರ್ ವ್ಯಾಸ, 40 ಸೆಂಟಿಮೀಟರ್ ಉದ್ದದ ಕೊಳವೆಯು ಇದಕ್ಕೆ ಸುಮಾರು 125ನ್ನು ಸೇರಿಸುತ್ತದೆ. ಉಸಿರನ್ನು ಸ್ವಲ್ಪ ದೀರ್ಘವಾಗಿ ಎಳೆದುಕೊಂಡರೆ ಈ ನಷ್ಟವು ತುಂಬಿಬರುತ್ತದೆ. ಕೊಳವೆಯು ಒಂದೂವರೆ ಮೀಟರ್ ಇದ್ದರೆ? ಅದರ ಗಾತ್ರವೇ 470. ಇದಕ್ಕೆ 150ನ್ನು ಕೂಡಿಸಿದರೆ 620. ಎಂದರೆ 500ನ್ನು ಮೀರಿತು. ಆಗ ಮನುಷ್ಯನು ಉಸಿರಾಡುತ್ತಿರುವನೆಂದೇ ತೋರುತ್ತದೆ; ಆದರೆ ತಾನೇ ಬಿಟ್ಟ ಗಾಳಿಯನ್ನು ತಾನೇ ಮರಳಿ ಎಳೆದುಕೊಳ್ಳುತ್ತಿರುತ್ತಾನೆ. ತಯಾರಕರು ಕೊಳವೆಯನ್ನು ಗಿಡ್ಡವಾಗಿಟ್ಟಿರುವುದು ಜಿಪುಣತನದಿಂದಲ್ಲ. ಅದಕ್ಕೆ ಇನ್ನೊಂದು ಕೊಳವೆಯನ್ನು ಜೋಡಿಸುವ ಸಾಹಸವನ್ನು ಯಾರೂ ಮಾಡಬಾರದು.

ಬಣ್ಣ ಮತ್ತು ಸದ್ದು

ಸಮುದ್ರದ ನೀರಿನಲ್ಲಿ ಕಿಲೋಗ್ರಾಮಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ಆದಕಾರಣ ಅದರ ಸಾಂದ್ರತೆ ಹೊಳೆಯ ನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಹೆಚ್ಚು. 60 ಕಿಲೋಗ್ರಾಂ ತೂಕದವನಿಗೆ ಕಡಲು ಕೃಷ್ಣೆಗಿಂತ ಸುಮಾರು ಒಂದೂವರೆ ಕಿಲೋಗ್ರಾಂ ಹೆಚ್ಚಿನ ಆಸರೆಯನ್ನು ಕೊಡುತ್ತದೆ. ಕೈಕಾಲು ಬಡಿಯದೆ ಬೋರಲಾಗಿ ತೇಲುತ್ತ ಕೆಳಗೆ ನೋಡುವವನ ನೆಮ್ಮದಿಗೆ ಇಷ್ಟು ಸಾಕು.

ಹಾಗೆ ನೋಡುವಾಗ ಮೊದಲು ಗಮನಕ್ಕೆ ಬರುವುದು ಕೆಂಪು ಬಣ್ಣದ ಅಭಾವ. ನೀರು ಕೆಂಪು ಬೆಳಕನ್ನು ಹೀರುತ್ತದೆ. ಐದಾರು ಮೀಟರ್ ಆಳದಲ್ಲಿ ಅದರ ಬಹುಪಾಲು ನಷ್ಟವಾಗಿರುತ್ತದೆ. ಮೇಲೆ ತಂದರೆ ಕೆಂಪಗಿರುವ ವಸ್ತುವು ಅಲ್ಲಿ ಬೂದಿಬಣ್ಣದ್ದಾಗಿ ಕಾಣುತ್ತದೆ. ಕಡಲಿನ ನೀಲಿಯು ಆಕಾಶದ ಪ್ರತಿಬಿಂಬವೆಂದು ಲಾರ್ಡ್ ರ‍್ಯಾಲೇ ಭಾವಿಸಿದ್ದರು. 1921ರ ಯೂರೋಪು ಯಾತ್ರೆಯಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿಗೆ ಬೆರಗಾದ ನಮ್ಮ ಸಿ. ವಿ. ರಾಮನ್ ಅವರು ಹಡಗಿನಲ್ಲಿಯೇ ನಿಕಾಲ್ ಪಟ್ಟಕವೊಂದನ್ನು ಹಿಡಿದು, ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ತಡೆದು ನೋಡಿದರು. ನೀಲಿಯು ಮಾಯವಾಗಲಿಲ್ಲ, ಬದಲಿಗೆ ಇನ್ನೂ ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆಂದು ಅವರು ತೋರಿಸಿದರು. ಕೆಂಪು ಹೀರಿಹೋಗುವುದು, ನೀಲಿ ಚದರುವುದು, ಇವೆರಡೂ ಕೂಡಿಯೇ ಆಳದ ಕಡಲಿಗೆ ಆ ಬಣ್ಣ ಬಂದಿದೆ. ಚದರುವಿಕೆಯ ಈ ಅಧ್ಯಯನವೇ ಮುಂದೆ 1928ರಲ್ಲಿ ರಾಮನ್ ಪರಿಣಾಮದ ಶೋಧಕ್ಕೆ ದಾರಿಯಾಯಿತು.

ಸದ್ದಿನ ವಿಷಯದಲ್ಲಿ ಎಚ್ಚರಿಕೆ ಬೇಕು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದವು ಕಡಲಿನಲ್ಲಿ ಸುಮಾರು 1,500 ಮೀಟರ್ ಸಾಗುತ್ತದೆ. ಸದ್ದು ಒಂದು ಕಿವಿಯನ್ನು ಮುಟ್ಟಿ ಮತ್ತೊಂದನ್ನು ಮುಟ್ಟುವುದರೊಳಗಿನ ಅಲ್ಪ ಕಾಲಾಂತರದಿಂದ ನಾವು ದಿಕ್ಕನ್ನು ಅರಿಯುತ್ತೇವಷ್ಟೆ. ನೀರಿನಲ್ಲಿ ಆ ಅಂತರವು ನಾಲ್ಕರಲ್ಲೊಂದು ಪಾಲಿಗೆ ಇಳಿಯುವುದರಿಂದ ಯಂತ್ರದ ದೋಣಿಯ ಸದ್ದು ಎಲ್ಲ ಕಡೆಯಿಂದಲೂ ಬಂದಂತೆ ಕೇಳುತ್ತದೆ. ಆದುದರಿಂದ ಸದ್ದು ಕೇಳಿದೊಡನೆ ತಲೆಯೆತ್ತಿ ಕಣ್ಣಿನಿಂದಲೇ ನೋಡಬೇಕು. ದೋಣಿಯವರಿಗೆ ಕಾಣುವಂತೆ ಗಾಢವರ್ಣದ ತೇಲುಬೆಂಡನ್ನು ಇಟ್ಟುಕೊಳ್ಳಬೇಕು.

ಒಂದು ಮಾರಕವಾದ ತಪ್ಪು ತಿಳಿವಳಿಕೆ

ಮುಳುಗುವ ಮುನ್ನ ಸರಸರನೆ ಅನೇಕ ಸಲ ದೀರ್ಘವಾಗಿ ಉಸಿರಾಡಿದರೆ ಹೆಚ್ಚು ಹೊತ್ತು ನೀರಿನಲ್ಲಿರಬಹುದೆಂದು ಈಜುಗಾರರಲ್ಲಿ ಹಲವರು ನಂಬುತ್ತಾರೆ. ಹೊಳೆಯಲ್ಲಿ ಪಂಥ ಕಟ್ಟುವ ನಮ್ಮ ತರುಣರೂ ಇದನ್ನು ಮಾಡುತ್ತಾರೆ. ನಿಜಾಂಶವೇನು? ‘ಉಸಿರು ಬೇಕು’ ಎಂಬ ತಹತಹವನ್ನು ಮುಖ್ಯವಾಗಿ ಹುಟ್ಟಿಸುವುದು ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿ ಕೂಡುವ ಇಂಗಾಲದ ಡೈಆಕ್ಸೈಡ್. ಸರಸರನೆ ಉಸಿರಾಡಿದಾಗ ಈ ಅನಿಲವು ಹೊರಹೋಗುತ್ತದೆ. ರಕ್ತದ ಆಮ್ಲಜನಕವಾದರೋ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಎಂದರೆ ಕಾವಲುಗಾರನನ್ನು ಮಲಗಿಸಿದಂತಾಯಿತು, ಕಣಜವನ್ನು ತುಂಬಿದಂತಾಗಲಿಲ್ಲ. ಆಮ್ಲಜನಕ ಮುಗಿಯುತ್ತ ಬಂದರೂ ತಹತಹ ಹುಟ್ಟದೆ, ಯಾವ ಮುನ್ಸೂಚನೆಯೂ ಇಲ್ಲದೆ ಎಚ್ಚರ ತಪ್ಪುತ್ತದೆ. ಆಳದಿಂದ ಮೇಲೇರುವಾಗ ಒತ್ತಡವು ಇಳಿದು ಶ್ವಾಸಕೋಶದ ಆಮ್ಲಜನಕದ ಬಲವೂ ಕುಗ್ಗುವುದರಿಂದ ಅಪಾಯ ಇಮ್ಮಡಿಯಾಗುತ್ತದೆ. ನುರಿತ ಈಜುಗಾರರು ಸದ್ದಿಲ್ಲದೆ ಮುಳುಗಿಹೋಗುವುದು ಹೀಗೆಯೇ.

ಕೆಳಗಿಳಿಯುವಾಗ ಕಿವಿ ನೋಯತೊಡಗಿದರೆ ಮೂಗನ್ನು ಹಿಡಿದು ಮೆಲ್ಲನೆ ಊದಿ ಒತ್ತಡವನ್ನು ಸರಿದೂಗಿಸಬೇಕು. ನೋವು ಹೋಗದಿದ್ದರೆ ಮೇಲೆ ಬರಬೇಕು. ದಡದ ಬಳಿ ಸೆಳೆವು ಹೊರಕ್ಕೆ ಎಳೆದರೆ ಅದಕ್ಕೆದುರಾಗಿ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಪಾರಾಗಬೇಕು. ಒಬ್ಬರೇ ಎಂದಿಗೂ ಇಳಿಯಬಾರದು.

ಮುಟ್ಟಬಾರದ ತೋಟ

ಹವಳವು ಕಲ್ಲಿನಂತೆ ತೋರಿದರೂ ಅದು ಸಣ್ಣ ಸಣ್ಣ ಪ್ರಾಣಿಗಳ ಸಮೂಹ. ಅವುಗಳ ಒಡಲಿನಲ್ಲಿ ಸೂಕ್ಷ್ಮ ಪಾಚಿಗಳು ನೆಲೆಸಿ, ಬಿಸಿಲಿನಿಂದ ಆಹಾರವನ್ನು ತಯಾರಿಸಿ ಆಶ್ರಯದಾತರಿಗೂ ಹಂಚುತ್ತವೆ. ಬೇಸಗೆಯ ಗರಿಷ್ಠ ಉಷ್ಣತೆಗಿಂತ ಕೇವಲ ಒಂದು ಡಿಗ್ರಿಯಷ್ಟು ಬಿಸಿಯು ಕೆಲವು ವಾರ ನಿಂತರೆ ಈ ಸಖ್ಯ ಮುರಿದು, ಪಾಚಿ ಹೊರಬಿದ್ದು ಹವಳ ಬಿಳಿಚುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ಬಹಳ ಹಾನಿಗೊಂಡವು. 2024ರಲ್ಲಿ ವಿಜ್ಞಾನಿಗಳು ಜಗದ್ವ್ಯಾಪಿಯಾದ ನಾಲ್ಕನೆಯ ಬಿಳಿಚುವಿಕೆಯನ್ನು ಸಾರಿದರು. ಗುಂಡುಕಲ್ಲಿನಂತಹ ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತವೆ. ಒಬ್ಬನ ಕಾಲಿನ ಒಂದು ಒದೆತ ಹತ್ತಾರು ವರ್ಷಗಳ ಬೆಳವಣಿಗೆಯನ್ನು ಕೆಡವಬಲ್ಲದು. ಅದನ್ನು ಕೀಳುವುದು ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೂ ಹೌದು.

ನೇತ್ರಾಣಿಗೆ ಹೋಗುವ ಅವಕಾಶ ಎಲ್ಲರಿಗೂ ಕೂಡಲೇ ದೊರೆಯಲಾರದು. ಅದುವರೆಗೆ ಮನೆಯ ಬಕೀಟಿನ ತಳದಲ್ಲಿ ನಾಣ್ಯವನ್ನಿಟ್ಟು ನೀರು ತುಂಬಿ, ಅದು ಎಷ್ಟು ಮೇಲೆದ್ದಂತೆ ಕಾಣುವುದೆಂದು ಅಳೆದು ನೋಡಿರಿ. ನಾಲ್ಕಕ್ಕೆ ಮೂರರ ಲೆಕ್ಕ ಅಲ್ಲಿಯೂ ಸಿಕ್ಕುತ್ತದೆ. ಬಲ್ಲವರಿಂದ ಈಜನ್ನು ಕ್ರಮವಾಗಿ ಕಲಿಯಿರಿ. ಮುಂದೆ ಕಡಲಿಗೆ ಹೋದಾಗ, ಅಲ್ಲಿನ ನೀರನ್ನು ದಿನವೂ ಬಲ್ಲ ದೋಣಿಯವರು ‘ಇಂದು ಇಳಿಯಬೇಡಿ’ ಎಂದರೆ ಮರುಮಾತಾಡದೆ ದಡದಲ್ಲಿಯೇ ಕುಳಿತುಕೊಳ್ಳಿರಿ.