ಊರ ಆಸ್ಪತ್ರೆಯ ರಾತ್ರಿಯ ಹಾಸಿಗೆ

ಸಮುದಾಯ ಆರೋಗ್ಯ ಕೇಂದ್ರವೆಂದರೆ ಚೀಟಿ, ಮಾತ್ರೆ ಮಾತ್ರವಲ್ಲ. ರಾಷ್ಟ್ರೀಯ ಮಾನದಂಡದಂತೆ ಅಲ್ಲಿ 30 ಹಾಸಿಗೆಗಳಿರಬೇಕು. ವೈದ್ಯರು, ದಾದಿಯರು ಸಾಲದೆ ರಾತ್ರಿ ರೋಗಿಗಳನ್ನು ಇರಿಸಿಕೊಳ್ಳದಿದ್ದರೆ ಆ ಹಾಸಿಗೆ ಇದ್ದೂ ಇಲ್ಲದಂತೆ. ಆಗ ಕಾಸರಗೋಡಿನ ನಾವು ಓಡುವುದು ಮಂಗಳೂರಿಗೆ. ಆ ದಾರಿಯನ್ನೇ ನಂಬಿ ಕೂರುವಂತಿಲ್ಲ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ನಮ್ಮ ಜಿಲ್ಲೆಯ ಹಲವು ರೋಗಿಗಳು ಚಿಕಿತ್ಸೆ ಸಿಗದೆ ತೀರಿಕೊಂಡರು. ರಸ್ತೆ ತೆರೆಸಲು ಏಪ್ರಿಲ್ 1ರಂದು ಕೇರಳ ಹೈಕೋರ್ಟೇ ಆದೇಶಿಸಬೇಕಾಯಿತು.

ಜ್ವರದ ಮಗುವಿಗೆ ಡ್ರಿಪ್ಸ್, ಉಬ್ಬಸದ ಅಜ್ಜನಿಗೆ ಆಮ್ಲಜನಕ ಕೊಡಲು ದೊಡ್ಡ ಆಸ್ಪತ್ರೆ ಬೇಕಿಲ್ಲ. ರಾತ್ರಿ ಎಚ್ಚರವಿರುವ ದಾದಿ, ಕರೆದರೆ ಬರುವ ವೈದ್ಯರು ಬೇಕು. ಕೇರಳದಲ್ಲಿ ಈ ಕೇಂದ್ರಗಳ ಹೊಣೆ ಬ್ಲಾಕ್ ಪಂಚಾಯತಿನದು. ಬಾಗಿಲು ಮುಚ್ಚಿದ ಮೇಲೆ ಗೊಣಗುವುದು ಬೇಡ. ವಾಳೆಯ ಸಭೆಯಲ್ಲಿ ಮಾತಾಡಿ, ನೆರೆಹೊರೆಯ ಎಲ್ಲರೊಂದಿಗೆ ಇಂದೇ ಮನವಿ ಕೊಡೋಣ.